ಕೆಟ್ಟ ಗಾಳಿ ಹೂಳುವವರು

ಆಗಸ್ಟ್ 4, ಸೋಮವಾರ

ಕೋಟೆ ಪಟ್ಟಣದ ಡಾಕ್ಟರು ನನ್ನ ಬಿಪಿ ನೋಡಿ ಮುಖ ಗಂಟಿಕ್ಕಿಕೊಂಡರು. “ನೀಲಾಂಬಿಕಮ್ಮ, ಕಿರುಚೋದು ಕಮ್ಮಿ ಮಾಡಿ. ಸಿಟ್ಟು ಬಂದಾಗ ಬರೆದಿಡಿ” ಎಂದರು. ಸರಿ, ಬರೆಯುತ್ತಿದ್ದೇನೆ. ಕಿರುಚುವುದನ್ನು ಬಿಡುತ್ತೇನೆಂದು ಮಾತು ಕೊಟ್ಟಿಲ್ಲ.

ಇವತ್ತಿನ ಸಿಟ್ಟು ಹೇಮಶ್ರೀಯ ಮೇಲೆ. ನನ್ನ ಮೈದುನ ಪ್ರಭುಸ್ವಾಮಿಯ ಮಗಳು. ಹೆಂಡತಿ ಸತ್ತ ಮೇಲೆ ಅವನು ಬೆಟ್ಟದಪುರದಲ್ಲಿ ಇನ್ನೊಂದು ಸಂಸಾರ ಹೂಡಿದ. ಮಗುವಿನ ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು ನಾನು. ಅವಳಿಗೆ ಕಲ್ಲಿನ ಹುಚ್ಚು ಹಿಡಿಸಿದವರು ಮಾತ್ರ ನಮ್ಮ ಯಜಮಾನರು ಸಿದ್ದಮಲ್ಲಪ್ಪನವರು. ನಮ್ಮ ಹೊಲದ ಮೇಲಿನ ಕಲ್ಲುದಿಬ್ಬಕ್ಕೆ, ನಾವು ಮಂಟಿ ಅನ್ನುತ್ತೇವೆ, ಅಲ್ಲಿಗೆ ಕರೆದುಕೊಂಡು ಹೋಗಿ ಆ ಕಲ್ಲು ನೋಡು, ಈ ಕಲ್ಲು ನೋಡು ಎಂದು ತೋರಿಸಿದ್ದೇ ತೋರಿಸಿದ್ದು. ಹುಡುಗಿ ಭೂವಿಜ್ಞಾನ ಓದಿ ಐಸ್‌ಲ್ಯಾಂಡ್ ಎಂಬ ದೇಶಕ್ಕೆ ತರಬೇತಿಗೆ ಹೋಗಿ ಕುಳಿತಳು. ಎರಡು ವರ್ಷದ ಹಿಂದೆ ಯಜಮಾನರು ತೀರಿಕೊಂಡಾಗಲೂ ಅಲ್ಲೇ ಇದ್ದಳು. ಮಂಟಿಯಲ್ಲಿ ತೋಡಿದ ಗುಣಿಯೊಳಗೆ ಅವರನ್ನು ಕೂರಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಅವಳ ಹಿಡಿ ಬೀಳಲಿಲ್ಲ. ಯಾರೋ ಫೋನು ಹಿಡಿದು ಅವಳಿಗೆ ತೋರಿಸಿದರಂತೆ. ಫೋನಿನಿಂದ ಮಣ್ಣು ಬೀಳುತ್ತದೆಯೇ?

ಈಗ ಕಂಪನಿಯ ಜೀಪಿನಲ್ಲಿ ಇಳಿದಿದ್ದಾಳೆ. ಅದೇ ಮಂಟಿಯಲ್ಲಿ ಕೊಳವೆ ಇಳಿಸಿ ಅದೇನನ್ನೋ ಹೂಳುತ್ತಾರಂತೆ. ಹೂಳಲು ಬರಬೇಕಾದಾಗ ಬರಲಿಲ್ಲ, ಈಗ ಹೂಳಲು ಬಂದಿದ್ದಾಳೆ. ಬರೆದರೆ ಸಿಟ್ಟು ಇಳಿಯುತ್ತದೆ ಎಂದ ಡಾಕ್ಟರಿಗೆ ಏನೂ ಗೊತ್ತಿಲ್ಲ.

ಆಗಸ್ಟ್ 6, ಬುಧವಾರ

ಕಂಪನಿಯ ಮ್ಯಾನೇಜರ್ ಮಹೇಶ್‌ಕುಮಾರ್ ಮನೆಗೆ ಬಂದಿದ್ದ. ಮೈಸೂರಿನವನು, ಗರಿಗರಿ ಅಂಗಿ, ನಮ್ಮ ನಾಯಿಯನ್ನು ಕಂಡರೆ ಪ್ರಾಣ ಹೋಗುವಷ್ಟು ಭಯ. ಅವನು ಹೇಳಿದ್ದು ಇಷ್ಟು. ಕಾರ್ಖಾನೆಯ ಹೊಗೆಯಲ್ಲಿರುವ ಇಂಗಾಲದ ಗಾಳಿಯನ್ನು ಹಿಡಿದು, ಟ್ಯಾಂಕರಿನಲ್ಲಿ ತಂದು, ನೀರಿಗೆ ಬೆರೆಸಿ ಸೋಡಾ ಮಾಡಿ, ಮಂಟಿಯ ಕೆಳಗಿನ ಕರಿಕಲ್ಲಿನೊಳಕ್ಕೆ ಆಳದಲ್ಲಿ ಬಿಡುತ್ತಾರೆ. ಕೆಲವು ವರ್ಷದಲ್ಲಿ ಅದೂ ಕಲ್ಲಾಗುತ್ತದೆ. ಲೋಕ ಬಿಸಿಯಾಗುವುದು ಅಷ್ಟು ತಗ್ಗುತ್ತದೆ. ಐಸ್‌ಲ್ಯಾಂಡಿನವರು ಮಾಡಿ ತೋರಿಸಿದ್ದಾರೆ, ಓಮಾನ್‌ನವರು ಮಾಡುತ್ತಿದ್ದಾರೆ, ನಾವು ಅವರಿಂದ ಕಲಿಯಬೇಕು. ಮೊದಲಿಗೆ ಪರೀಕ್ಷೆಗೆ ಒಂದೇ ಒಂದು ಕೊಳವೆ. ಅದಕ್ಕೆ ನನ್ನ ಒಪ್ಪಿಗೆ ಬೇಕು, ಗ್ರಾಮಸಭೆಯ ಒಪ್ಪಿಗೆ ಬೇಕು.

“ನಿಮ್ಮ ಕಲ್ಲು ತುಂಬಾ ಒಳ್ಳೇ ಕಲ್ಲು ಮೇಡಂ. ಲೋಕದಲ್ಲಿ ಎಲ್ಲ ಕಡೆ ಸಿಗಲ್ಲ” ಎಂದ.

“ನಮ್ಮ ಯಜಮಾನರು ಆ ಕಲ್ಲಿನ ಮೇಲೆ ಮಣ್ಣಾಗವ್ರೆ. ಅವರ ಪಕ್ಕದಲ್ಲಿ ಯಾರ್ಯಾರದೋ ಹೊಗೆ ತಂದು ತುಂಬ್ತೀರಾ? ಹೊರಡ್ರಿ ಮೊದಲು” ಎಂದೆ. ನಾಯಿಯನ್ನೂ ಬಿಟ್ಟೆ.

ಹೇಮಶ್ರೀ ಮಾತ್ರ ಜಗಲಿಯಿಂದ ಕದಲಲಿಲ್ಲ. “ದೊಡ್ಡಮ್ಮ, ಸಭೆ ಒಪ್ಪಿದ್ರೆ ನಾನು ಐದು ವರ್ಷ ಇಲ್ಲೇ ಇರ್ತೀನಿ, ಪಕ್ಕದ ಬೀಚನಹಳ್ಳಿಯಲ್ಲೇ ಮನೆ ಮಾಡ್ತೀನಿ. ಒಪ್ಪದಿದ್ರೆ ಓಮಾನ್‌ನವರು ಕರೀತಿದ್ದಾರೆ, ಹೋಗ್ತೀನಿ” ಎಂದಳು. ನನ್ನನ್ನು ಹೆದರಿಸುತ್ತಾಳೆ! ಇವತ್ತೇ ಹೋಗು, ಬುತ್ತಿ ಕಟ್ಟಿಕೊಡುತ್ತೇನೆ ಎಂದೆ.

ಆಗಸ್ಟ್ 9, ಶನಿವಾರ

ದೇವರು ಇದ್ದಾನೆ. ಕಂಪನಿಯವರೇ ನನ್ನ ಕೈಗೆ ದೊಣ್ಣೆ ಕೊಟ್ಟಿದ್ದಾರೆ.

ಮನೆಮನೆಗೆ ಒಂದು ಕರಪತ್ರ ಹಂಚಿದರು. ಹಾಲಿನ ಡೈರಿಯ ಹತ್ತಿರ ಸಾಲು ನಿಂತವರು ಎಂದಿನಂತೆ ಓದಿ ಹೇಳಿ ಎಂದು ನನಗೇ ಕೊಟ್ಟರು. ಊರಿನಲ್ಲಿ ಓದು ಬರುವವರು ಬೇಕಾದಷ್ಟಿದ್ದಾರೆ, ಆದರೆ ಊರಿಗೆ ಬಂದ ಕಾಗದವನ್ನು ನನ್ನ ಬಾಯಲ್ಲಿ ಕೇಳುವುದು ಅವರಿಗೊಂದು ಚಟ. ಕರಪತ್ರದ ಮೊದಲ ಸಾಲು ಹೀಗಿತ್ತು: “ಕೆಟ್ಟ ಗಾಳಿಯನ್ನು ಹಿಡಿದು ತಂದು ನಿಮ್ಮ ನೆಲದಾಳದಲ್ಲಿ ಶಾಶ್ವತವಾಗಿ ಹೂಳುತ್ತೇವೆ.”

ನಮ್ಮ ಕಡೆ ಗಾಳಿ ಎಂದರೆ ಉಸಿರಾಡುವುದೂ ಹೌದು, ಮೈಮೇಲೆ ಬರುವುದೂ ಹೌದು. ಅದರ ಹಿಂದೆ ‘ಕೆಟ್ಟ’ ಸೇರಿಸಿ, ಮುಂದೆ ‘ಹಿಡಿದು’ ಸೇರಿಸಿದ ಮೇಲೆ ಯಾವುದು ಎಂದು ಯಾರೂ ಕೇಳಬೇಕಾಗಿಲ್ಲ. ನಾನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಎರಡು ಸಲ ಓದಿದೆ.

ಪಕ್ಕದ ಮನೆಯ ಸಿದ್ದಲಿಂಗಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. “ಅಯ್ಯೋ ಅವ್ವಾರೇ, ಎಲ್ಲಿಂದ ಇಡ್ಕಂಡ್ ಬತ್ತಾರೆ?”

“ಟ್ಯಾಂಕರಿನಲ್ಲಿ ತರ್ತಾರಂತೆ.”

“ಹೊರದೇಸದಲ್ಲೂ ಹೂಳವ್ರೆ ಅಂತ ಬರ್ದಿಲ್ವಾ? ಆ ದೇಸದ ಗಾಳಿ ಎದ್ಬುಟ್ರೆ ನಮ್ ಮಂತ್ರುಕ್ ಬಗ್ತದಾ?” ಎಂದು ಮುದುಕ ಸಣ್ಣಬೀರಯ್ಯ ಕೇಳಿದ. ಅದು ನನಗೆ ಗೊತ್ತಿಲ್ಲಪ್ಪ ಎಂದೆ. ನಾನು ಒಂದೇ ಒಂದು ಸುಳ್ಳು ಹೇಳಿಲ್ಲ.

ಆಗಸ್ಟ್ 10, ಭಾನುವಾರ

ಊರೆಲ್ಲ ಅದೇ ಮಾತು. ಹೊಟ್ಟೆ ತುಂಬ ಊಟ ಮಾಡಿದೆ.

ಆಗಸ್ಟ್ 12, ಮಂಗಳವಾರ

ಹೇಮಶ್ರೀ ಬಂದವಳೇ ಕರಪತ್ರವನ್ನು ನನ್ನ ಮುಂದೆ ಎಸೆದಳು.

“ನಾನು ಬರೆದದ್ದು ಇಂಗಾಲದ ಡೈಆಕ್ಸೈಡ್ ಅಂತ. ಸರಳ ಕನ್ನಡ ಇರಲಿ ಅಂತ ಮಹೇಶ್‌ಕುಮಾರ್ ತಿದ್ದಿದ್ರು. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ ದೊಡ್ಡಮ್ಮ?”

“ಗೊತ್ತಿತ್ತು ಕಣೇ. ಅದಕ್ಕೇ ಓದಿದ್ದು.”

“ನಾಚಿಕೆ ಆಗಲ್ವಾ?”

ನನಗೆ ನಾಚಿಕೆ ಕಲಿಸಲು ಬರುತ್ತಾಳೆ. ದೊಡ್ಡಪ್ಪ ಹೋದಾಗ ಬರಲಾಗದವಳಿಗೆ ಆಗದ ನಾಚಿಕೆ ನನಗೇಕೆ ಆಗಬೇಕು ಎಂದೆ. ಅಲ್ಲಿ ಹಿಮ ಬಿದ್ದು ವಿಮಾನ ನಿಂತಿತ್ತು ಎಂದಳು. ಎರಡು ವರ್ಷದಿಂದ ಇದೇ ಹಿಮದ ಕತೆ. ಅವಳು ಬಾಗಿಲು ಬಡಿದು ಹೋದಳು. ಬಾಗಿಲಿನ ಚಿಲಕ ಸಡಿಲವಾಗಿದೆ, ಆಚಾರಿಯನ್ನು ಕರೆಸಬೇಕು.

ಆಗಸ್ಟ್ 17, ಭಾನುವಾರ

ಬೀಚನಹಳ್ಳಿಯಲ್ಲಿ ಸದ್ಯಕ್ಕೆಂದು ಅವಳಿಗೆ ಕೋಣೆ ಬಾಡಿಗೆ ಕೊಟ್ಟಿದ್ದವರು ಖಾಲಿ ಮಾಡಿಸಿದ್ದಾರೆ. ಅಂಗಡಿಯವನು ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟನಂತೆ, ಕೈ ತಾಗೀತು ಎಂದು. ಸಿದ್ದಲಿಂಗಮ್ಮನ ಸೊಸೆಗೆ ಜ್ವರ ಬಂದರೆ ಅದಕ್ಕೂ ಹೇಮಶ್ರೀಯೇ ಕಾರಣ. ಹೆಸರಿಡುವುದರಲ್ಲಿ ನಮ್ಮೂರವರು ಬಲು ಚುರುಕು, ಅವಳಿಗೆ ‘ಗಾಳಿ ಹೇಮ’ ಎಂದು ಇಟ್ಟಿದ್ದಾರೆ.

ನಮ್ಮ ಮನೆಯ ನಡುಕೋಣೆಗೆ ಪೆಟ್ಟಿಗೆ ತಂದಿಟ್ಟುಕೊಂಡಿದ್ದಾಳೆ. ನಾನು ಕರೆಯಲಿಲ್ಲ. ಬೇಡ ಎನ್ನಲೂ ಇಲ್ಲ, ಅಷ್ಟೇ. ಇಬ್ಬರೂ ಮಾತಾಡುತ್ತಿಲ್ಲ. ಸಾರಿಗೆ ಉಪ್ಪು ಸಾಲದಿದ್ದರೆ ಗೋಡೆಗೆ ಹೇಳುತ್ತಾಳೆ.

ಆಗಸ್ಟ್ 20, ಬುಧವಾರ

ಬಿಪಿ ಮಾತ್ರೆ ನುಂಗಿ ಬರೆಯಲು ಕೂತಿದ್ದೇನೆ.

ಮಂಟಿಯಲ್ಲಿ ಕಲ್ಲಿನ ಚೂರು ಆರಿಸುತ್ತಿದ್ದವಳಿಗೆ ಯಾರೋ ಪೊದೆಯ ಹಿಂದಿನಿಂದ ಕಲ್ಲು ಬೀರಿದ್ದಾರೆ. ಹಣೆ ಒಡೆದು ರವಿಕೆಯೆಲ್ಲ ರಕ್ತ. ಕೋಟೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆ. ಅವಳು ಅಳಲಿಲ್ಲ. ಚಿಕ್ಕಂದಿನಲ್ಲಿ ಮುಳ್ಳು ತೆಗೆಯುವಾಗಲೂ ಹೀಗೇ ನನ್ನ ಸೆರಗು ಕಚ್ಚಿಕೊಂಡು ಕೂರುತ್ತಿದ್ದಳು.

ಬಂದವಳೇ ಅರಳಿಕಟ್ಟೆಗೆ ಹೋಗಿ ಕಿರುಚಿದೆ. ಯಾವನ್ಲಾ ಅವನು ಎಂದೆ. ಕೈ ಮುರಿಯುತ್ತೇನೆ ಎಂದೆ, ಪೊಲೀಸರನ್ನು ಕರೆಸುತ್ತೇನೆ ಎಂದೆ, ಇನ್ನೂ ಬರೆಯಬಾರದ್ದನ್ನೆಲ್ಲ ಅಂದೆ. ಪಂಚಾಯಿತಿ ಮೆಂಬರು ಶಿವಶಂಕರ ತಲೆ ಕೆರೆದುಕೊಂಡ.

“ಹುಡುಗ್ರು ಎದ್ರುಕಂಡವ್ರೆ ಕಣವ್ವಾ. ಗಾಳಿ ಹೂಳ್ತಾರೆ ಅಂತ ಓದ್ದೋರು ನೀವೇ ಅಲ್ವಾ?”

“ಓದಿದ್ದು ನಾನು. ಹೊಡೀರಿ ಅಂತ ಓದಿದ್ನಾ?” ಎಂದೆ. ನಮ್ಮ ಮನೆಯ ಹುಡುಗಿಯನ್ನು ಬೈಯುವ ಹಕ್ಕು ನನ್ನದು, ಊರಿಗೆ ಗುತ್ತಿಗೆ ಕೊಟ್ಟಿಲ್ಲ.

ಆಗಸ್ಟ್ 22, ಶುಕ್ರವಾರ

ಬೆಳಿಗ್ಗೆ ಅವಳು ಕಾಣಲಿಲ್ಲ. ಮಂಟಿಗೆ ಹೋದೆ. ಯಜಮಾನರ ಗದ್ದುಗೆಯ ಪಕ್ಕ ಕೂತಿದ್ದಳು, ಅಂಗೈಗೆ ಮಣ್ಣು ಹತ್ತಿತ್ತು. ನಾನು ನೋಡದವಳಂತೆ ಎಮ್ಮೆ ಹುಡುಕುವ ನೆಪ ಮಾಡಿದೆ. ನಮ್ಮ ಎಮ್ಮೆ ಕೊಟ್ಟಿಗೆಯಲ್ಲೇ ಇದೆ ಎಂಬುದು ಅವಳಿಗೂ ಗೊತ್ತು.

ಕರೆದು ಒಂದು ಕಲ್ಲು ತೋರಿಸಿದಳು. ಕರಿಕಲ್ಲಿನ ನಡುವೆ ಬಿಳಿ ಗೆರೆ. “ಇದು ಯಾವುದು ಹೇಳಿ?”

“ರಂಗೋಲಿ ಕಲ್ಲು. ಈ ಊರಿಗೆ ಸೊಸೆಯಾಗಿ ಬಂದಾಗಿಂದ ಕುಟ್ತಾ ಇದೀನಿ, ನನಗೇ ಪಾಠ ಹೇಳ್ತೀಯಾ?”

ಮನೆಗೆ ಬಂದ ಮೇಲೆ ಅವಳು ಆ ಬಿಳಿ ಗೆರೆಯನ್ನು ಕೆರೆದು, ಪುಡಿಯನ್ನು ಒಂದು ಗಾಜಿನ ಲೋಟಕ್ಕೆ ಹಾಕಿ, ಬಾಟಲಿಯಿಂದ ಏನೋ ಆಸಿಡ್ ಹೊಯ್ದು ಬಿಸಿನೀರಿನಲ್ಲಿಟ್ಟಳು. ಬುರುಬುರು ಎಂದು ನೊರೆ ಎದ್ದಿತು. “ಈ ಗುಳ್ಳೆಯೇ ನಾನು ಹೇಳೋ ಗಾಳಿ ದೊಡ್ಡಮ್ಮ. ಯಾರೂ ಕೊಳವೆ ಹಾಕದೆ, ಯಾವುದೋ ಕಾಲದಲ್ಲಿ ತಾನೇ ಈ ಕಲ್ಲಿನೊಳಕ್ಕೆ ಇಳಿದು ಬಿಳಿ ಕಲ್ಲಾಗಿದೆ. ಅದನ್ನೇ ನಾವು ಬೇಗ ಮಾಡಿಸೋಕೆ ನೋಡ್ತಿದ್ದೀವಿ.”

ನಾನು ಲೋಟ ನೋಡುತ್ತಲೇ ಇದ್ದೆ. ಆದರೆ ನಾನೇನು ಅಷ್ಟು ಸುಲಭಕ್ಕೆ ಬಗ್ಗುವವಳೇ? ನೀರು ಎಲ್ಲಿಂದ ತರುತ್ತೀರಿ ಎಂದೆ. ಐಸ್‌ಲ್ಯಾಂಡಿನಲ್ಲಿ ನೀರಿಗೆ ಬರವಿಲ್ಲ, ಇಲ್ಲಿ ಕಬಿನಿ ತುಂಬಿದರೂ ನಮ್ಮ ಮೇಲಿನ ಹೊಲಗಳಿಗೆ ಬರುವುದಿಲ್ಲ. ಆಳದ ನೀರನ್ನೇ ಮೇಲೆತ್ತಿ ಅದರಲ್ಲೇ ಬೆರೆಸಿ ವಾಪಸು ಬಿಡುತ್ತೇವೆ, ಅದು ಸಾಲುತ್ತದೋ ಇಲ್ಲವೋ ನೋಡುವುದಕ್ಕೇ ಈ ಪರೀಕ್ಷೆ ಎಂದಳು. ಸಾಲದಿದ್ದರೆ? ನಿಲ್ಲಿಸುತ್ತೇವೆ ಎಂದಳು.

ಆಮೇಲೆ ತಾನಾಗಿಯೇ ಇನ್ನೊಂದು ಹೇಳಿದಳು. ಐಸ್‌ಲ್ಯಾಂಡಿನಲ್ಲೂ ಒಂದು ಊರಿನವರು ಬೇಡ ಎಂದರಂತೆ. ಬೇರೆ ದೇಶಗಳ ಗಾಳಿಯನ್ನು ಹಡಗಿನಲ್ಲಿ ತಂದು ತಮ್ಮ ಊರಿನ ಕೆಳಗೆ ಇಳಿಸುವುದು ಅವರಿಗೆ ಹಿಡಿಸಲಿಲ್ಲವಂತೆ, ಕೆಲಸ ಅಲ್ಲಿಗೇ ನಿಂತಿತಂತೆ.

“ಇದನ್ನ ಮೊದಲ ದಿನ ಯಾಕೆ ಹೇಳಲಿಲ್ಲ?”

“ಹೇಳ್ಬೇಡ ಅಂತ ಮಹೇಶ್‌ಕುಮಾರ್ ಅಂದ್ರು.”

ಎಂಥ ಜನ! ಕೊಳವೆ ಇಳಿಸುವುದನ್ನು ಅಷ್ಟು ದೂರ ಹೋಗಿ ಕಲಿತು ಬಂದಿದ್ದಾರೆ, ಬೇಡ ಎನ್ನಿಸಿಕೊಳ್ಳುವುದನ್ನು ಕಲಿತು ಬಂದಿಲ್ಲ.

ಆಗಸ್ಟ್ 25, ಸೋಮವಾರ

ನಾಳೆ ಗೌರಿ ಹಬ್ಬ. ಡೈರಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದರು. ಇವರ ಭಯ ಬಿಡಿಸದಿದ್ದರೆ ಹುಡುಗಿಯ ಇನ್ನೊಂದು ಕಡೆಯ ಹಣೆಯೂ ಹೋಗುತ್ತದೆ ಎಂದು ನಾನೇ ಬಾಯಿ ಬಿಟ್ಟೆ.

“ಹೆದರಬೇಡ್ರೇ. ಆ ಗಾಳಿ ಹೊಸದೇನಲ್ಲ. ನಾವು ದಿನಾ ಹಾಕೋ ರಂಗೋಲಿ ಪುಡಿ ಇದೆಯಲ್ಲ, ಅದೂ ಅದೇ ಗಾಳಿಯೇ. ಕಲ್ಲಾಗಿ ಕೂತಿದೆ, ಅಷ್ಟೇ. ನನ್ನ ಕಣ್ಣಾರೆ ನೋಡಿದೆ, ಆಸಿಡ್ ಹಾಕಿದ್ರೆ ಬುಸುಗುಟ್ಟಿಕೊಂಡು ಎದ್ದು ಬರ್ತದೆ.”

ಸಿದ್ದಲಿಂಗಮ್ಮ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು ಕೇಳಿದಳು. ಚೆನ್ನಾಗಿ ಅರ್ಥ ಮಾಡಿಸಿದೆ ಎಂದುಕೊಂಡು ಮನೆಗೆ ಬಂದೆ.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬದ ದಿನ ಇಡೀ ಊರಿನಲ್ಲಿ ಒಂದು ಮನೆಯ ಮುಂದೂ ರಂಗೋಲಿ ಇಲ್ಲ. ಬಾಗಿಲುಬಾಗಿಲಿಗೂ ಬರೀ ಸಗಣಿ ಸಾರಿಸಿದ ನೆಲ. ಪುಡಿಯ ಡಬ್ಬಗಳನ್ನು ತಿಪ್ಪೆಗೆ ಸುರಿದು ಮೇಲೆ ಬೇವಿನ ಸೊಪ್ಪು ಹಾಕಿದ್ದಾರೆ. ಸಿದ್ದಲಿಂಗಮ್ಮ ಬಾಗಿನ ತಂದವಳು ಹೊಸ್ತಿಲು ದಾಟದೆ ಆಚೆಯಿಂದಲೇ ಮೊರ ಚಾಚಿದಳು.

“ಇಷ್ಟ್ ದಿನ ಗೊತ್ತಿಲ್ದೆ ಮೆಟ್ಕಂಡ್ ಓಡಾಡುದ್ವಲ್ಲ ಅವ್ವಾರೇ” ಎಂದು ಕಣ್ಣಲ್ಲಿ ನೀರು ಹಾಕಿದಳು.

ಹೇಮಶ್ರೀ ಕಿಟಕಿಯಿಂದ ಬೀದಿ ನೋಡಿ ಜೋರಾಗಿ ನಕ್ಕಳು. ಆಮೇಲೆ ನಗುತ್ತಲೇ ಅತ್ತಳು. ಹೊಲಿಗೆ ಬಿಟ್ಟುಕೊಳ್ಳುತ್ತದೆ ಸುಮ್ಮನಿರೇ ಎಂದು ಬೈದೆ.

ಸೆಪ್ಟೆಂಬರ್ 7, ಭಾನುವಾರ

ಗ್ರಾಮಸಭೆ ಹದಿನೆಂಟಕ್ಕೆ. ಹೊಸ ಕರಪತ್ರ ಬರೆಸುತ್ತಿದ್ದೇನೆ. ಅವಳು ಬರೆದದ್ದನ್ನು ಮೂರು ಸಲ ಹರಿದು ಹಾಕಿದೆ. ಐಸ್‌ಲ್ಯಾಂಡಿನಲ್ಲಿ ಕಲಿತದ್ದೆಲ್ಲ ಅವಳ ಕನ್ನಡದೊಳಕ್ಕೆ ಬಂದು ಕೂತಿದೆ, ಒಂದು ವಾಕ್ಯವೂ ನೆಟ್ಟಗೆ ನಡೆಯುವುದಿಲ್ಲ.

“ಹೂಳೋದು ಅಂದರೆ ಸತ್ತದ್ದನ್ನ ಕಣೇ. ನೀನು ಮಾಡ್ತಿರೋದು ಹೂಳೋದಲ್ಲ. ದ್ರವವಾಗಿ ಬಿಟ್ಟದ್ದು ಒಳಗೆ ಗಟ್ಟಿಯಾಗ್ತದೆ ಅಂತೀಯಲ್ಲ, ಅದಕ್ಕೆ ನಮ್ಮಲ್ಲಿ ಮಾತಿಲ್ವಾ? ಹೆಪ್ಪು ಹಾಕೋದು ಅನ್ನು.”

ಅವಳು ಪೆನ್ನು ಹಿಡಿದು ನನ್ನನ್ನೇ ನೋಡಿದಳು. “ಹೆಪ್ಪು” ಎಂದಳು. ಇನ್ನೊಮ್ಮೆ “ಹೆಪ್ಪು” ಎಂದಳು. ಅಲ್ಲಿ ಎರಡು ವರ್ಷ ಇದಕ್ಕೊಂದು ಮಾತು ಹುಡುಕಿದ್ದಳಂತೆ.

ನೀರಿನ ವಿಷಯ, ಆ ಊರಿನವರು ಬೇಡ ಎಂದ ವಿಷಯ, ಇನ್ನೂ ಗೊತ್ತಿಲ್ಲದ ವಿಷಯ, ಎಲ್ಲ ಸೇರಿಸು ಎಂದೆ. ಮಹೇಶ್‌ಕುಮಾರ್ ಫೋನಿನಲ್ಲಿ, ಕೆಟ್ಟದ್ದನ್ನೆಲ್ಲ ಯಾಕೆ ಹಾಕಬೇಕು ಮೇಡಂ ಎಂದ. ನಿನ್ನ ಸರಳ ಕನ್ನಡಕ್ಕೆ ಈ ಹುಡುಗಿ ಹೊಲಿಗೆ ಹಾಕಿಸಿಕೊಂಡಿದ್ದಾಳೆ, ಬಾಯಿ ಮುಚ್ಚು ಎಂದೆ. ಜಾಗದ ಒಪ್ಪಿಗೆಯ ಸಹಿಯನ್ನೂ ಹಾಕಿಕೊಟ್ಟೆ. ಪದೇ ಪದೇ ಕೇಳಿ ತಲೆ ತಿನ್ನುತ್ತಿದ್ದರು, ಅದಕ್ಕೆ. ನಾನು ಇಷ್ಟೆಲ್ಲ ಮಾಡುತ್ತಿರುವುದು ಕನ್ನಡ ಕೆಡಬಾರದು ಎಂದು ಮಾತ್ರ, ಬೇರೆ ಯಾವ ಕಾರಣವೂ ಇಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಗಂಟಲು ಕಟ್ಟಿದೆ. ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ. ಓಮಾನ್‌ನಲ್ಲೂ ನಮ್ಮ ಮಂಟಿಯ ಜಾತಿಯ ಕಲ್ಲೇ ಇರುವುದು ಎಂದರೆ, ಸಣ್ಣಬೀರಯ್ಯ ಕಲ್ಲಿಗೂ ಜಾತಿಯಾ ಎಂದು ನಗುತ್ತಾನೆ. ಯಾರೂ ಎದುರು ಮಾತಾಡುವುದಿಲ್ಲ. ನನ್ನ ಕೈಯಿಂದ ಕಾಗದ ಮಾತ್ರ ತೆಗೆದುಕೊಳ್ಳುವುದಿಲ್ಲ.

ಸೆಪ್ಟೆಂಬರ್ 18, ಗುರುವಾರ

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಹೇಮಶ್ರೀ ಚೆನ್ನಾಗಿ ಮಾತಾಡಿದಳು, ಗುಬ್ಬಿಯಂತೆ ಅಲ್ಲಿ ಇಲ್ಲಿ ನೋಡದೆ ನೆಟ್ಟಗೆ ನಿಂತು ಹೇಳಿದಳು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಆಮೇಲೆ ನಾನು ಎದ್ದೆ.

ಕರಪತ್ರ ಓದಿ ಹೇಳಿದವಳು ನಾನು, ಆ ಮಾತು ತಪ್ಪು, ಇದು ದೆವ್ವವೂ ಅಲ್ಲ ಭೂತವೂ ಅಲ್ಲ, ಹಾಲಿಗೆ ಹೆಪ್ಪು ಹಾಕಿದಂತೆ ಕಲ್ಲಿಗೆ ಹಾಕುವುದು ಎಂದೆ. ಬೇಡ ಎನ್ನುವುದಾದರೆ ನೀರಿಗೆ ಹೆದರಿ ಬೇಡ ಎನ್ನಿ, ಯಾರದೋ ಕಾರ್ಖಾನೆಯ ಕಸ ನಮಗೇಕೆ ಎಂದು ಬೇಡ ಎನ್ನಿ, ಆ ಊರಿನವರ ಹಾಗೆ ತಿಳಿದು ಬೇಡ ಎನ್ನಿ, ಒಪ್ಪುತ್ತೇನೆ. ಗಾಳಿಗೆ ಹೆದರಿ ಬೇಡ ಅನ್ನಬೇಡಿ ಎಂದೆ. ಇಷ್ಟು ದೊಡ್ಡ ದನಿಯಲ್ಲಿ ನಾನು ಯಜಮಾನರು ಹೋದ ದಿನವೂ ಕಿರುಚಿರಲಿಲ್ಲ.

ಸಿದ್ದಲಿಂಗಮ್ಮ ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಪಾಪ, ಅವ್ವಾರ್ಗೂ ಸೋಕ್ಬುಟ್ಟೈತೆ ಕಣವ್ವಾ. ಒಂದೇ ಮನೇಲಿ ಮಲಗ್ತಾರಲ್ಲ.”

ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಕನಿಕರ ಇತ್ತು. ನನ್ನ ಮೇಲೆ ಕನಿಕರ! ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಶಿವಶಂಕರ ಬೇಕು ಎನ್ನುವವರು ಕೈ ಎತ್ತಿ ಎಂದ. ನನ್ನದೊಂದೇ ಎದ್ದಿತು. ಅವಳು ನನ್ನ ತೋಳು ಹಿಡಿದು, ಇಳಿಸಿ ದೊಡ್ಡಮ್ಮ, ಸಾಕು ಎಂದಳು. ಇಳಿಸಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಬರೆಯುವುದು ಏನೂ ಇಲ್ಲ.

ಸೆಪ್ಟೆಂಬರ್ 28, ಭಾನುವಾರ

ಇವತ್ತು ಹೋದಳು. ಮೈಸೂರು, ಬೆಂಗಳೂರು, ಆಮೇಲೆ ಓಮಾನ್. ದಸರಾ ಮುಗಿಸಿಕೊಂಡು ಹೋಗೇ ಎಂದೆ, ಟಿಕೆಟ್ ಆಗಿದೆ ಎಂದಳು. ಚಟ್ನಿಪುಡಿ ಕಟ್ಟಿದ್ದೆ, ಡಬ್ಬ ಸರಿಯಾಗಿ ಮುಚ್ಚಿಕೊಂಡಿಲ್ಲ ಎಂದು ನಾನೇ ಜಗಳ ತೆಗೆದೆ. ಅವಳೂ ಬಿಡಲಿಲ್ಲ. ಜೀಪು ಬರುವವರೆಗೂ ಇಬ್ಬರೂ ಡಬ್ಬದ ಮುಚ್ಚಳದ ಬಗ್ಗೆಯೇ ಕಚ್ಚಾಡಿದೆವು. ಹೇಳಬೇಕಾದ ಒಂದು ಮಾತೂ ಆಡಲಿಲ್ಲ.

ಅಕ್ಟೋಬರ್ 6, ಸೋಮವಾರ

ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ನನ್ನ ಚಪ್ಪಲಿಯ ಸದ್ದಿಗೆ ನನಗೇ ರೇಗುತ್ತದೆ. ಕಂಪನಿಯವರು ಮಂಟಿಯಲ್ಲಿ ನೆಟ್ಟಿದ್ದ ಕೆಂಪು ಬಾವುಟಗಳನ್ನು ನಿನ್ನೆ ಕಿತ್ತುಕೊಂಡು ಹೋದರು.

ಇವತ್ತು ತಡೆಯಲಾಗಲಿಲ್ಲ. ಮಹೇಶ್‌ಕುಮಾರನಿಗೆ ಫೋನು ಮಾಡಿ ಚೆನ್ನಾಗಿ ಬೈದೆ. ಒಂದು ಸಲ ಬೇಡ ಅಂದರೆ ಗಂಟುಮೂಟೆ ಕಟ್ಟಿಬಿಡುವುದಾ? ಇನ್ನೊಂದು ಸಲ ಬರಬೇಡವಾ? ಬೇರೆ ಮಾತಿನಲ್ಲಿ ಕೇಳಬೇಡವಾ? ಅಲ್ಲಿಂದ ಇಲ್ಲಿಗೆ ಕಲಿತು ಬಂದದ್ದು ಇಷ್ಟೇನಾ? ಅವಳನ್ನು ಯಾರನ್ನು ಕೇಳಿ ಕಳಿಸಿದಿರಿ?

ಪಾಪ, ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ, “ಮೇಡಂ, ತಪ್ಪು ತಿಳ್ಕೋಬೇಡಿ. ಮೊಟ್ಟ ಮೊದಲು ನಮ್ಮನ್ನ ಹೊರಡಿ ಅಂದವರು ನೀವೇ ಅಲ್ವಾ?” ಎಂದ.

“ಅಂದೆ ಕಣಪ್ಪ. ಈ ಮನೆಗೆ ಬಂದಾಗಿಂದ ನಾನು ಎಲ್ಲರಿಗೂ ಹೊರಡಿ ಅಂತಲೇ ಅಂದಿದೀನಿ. ನನ್ನ ಮಾತು ಕೇಳಿ ಒಬ್ಬರೂ ಹೋಗಿರಲಿಲ್ಲ” ಎಂದೆ.